ಕೊಪ್ಪಳದಿಂದ ಆನೆಗೊಂದಿಗೆ ಸೈಕಲ್ ಮೇಲೆ: ಅತ್ತೆಯ ಭಯ, ಮೊಣಕಾಲು ನೋವು, ಜಾಲಿಮುಳ್ಳು

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಕೊಪ್ಪಳದಲ್ಲಿ ಪ್ರೈಮರಿ ಶಾಲೆ ಶಿಕ್ಷಕಿ. ಇಬ್ಬರು ಮಕ್ಕಳು. ದೊಡ್ಡವಳದು ನಾರ್ಮಲ್ ಹೆರಿಗೆ, ಚಿಕ್ಕವನದು ಸಿಸೇರಿಯನ್. ಅವನಿಗೀಗ ಐದು ವರ್ಷ. ಎಂಟನೇ ಕ್ಲಾಸಿನಲ್ಲಿ ಸರ್ಕಾರದವರು ಕೊಟ್ಟಿದ್ದ ಸೈಕಲ್ ತವರುಮನೆ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿತ್ತು. ದಸರಾ ರಜೆಯಲ್ಲಿ ತಂದು ರಿಪೇರಿ ಮಾಡಿಸಿದೆ. ಈಗ ದಿನಾ ಬೆಳಿಗ್ಗೆ ಆರೇಳು ಕಿಲೋಮೀಟರ್ ಹೊಡೆಯುತ್ತೇನೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಜೊತೆಯಾಗಿದ್ದಾರೆ. ಇಬ್ಬರೂ ಸೇರಿ ಆನೆಗೊಂದಿಗೆ ಹೋಗಿ, ರಾತ್ರಿ ನಮ್ಮ ಸೋದರತ್ತೆ ಮನೆಯಲ್ಲಿ ಉಳಿದು, ಮಾರನೇ ದಿನ ವಾಪಸ್ ಬರಬೇಕು ಅಂತ ಆಸೆ. ಆದರೆ ನಮ್ಮ ಅತ್ತೆ "ಹೆಣ್ಣಮಕ್ಕಳು ಹಂಗ ಸೈಕಲ್ ಹೊಡದ್ರ ಗರ್ಭಕೋಶ ಜಾರತೈತಿ" ಅಂತಾರೆ. ಮನೆಯವರು ಬೇಡ ಅನ್ನುವುದಿಲ್ಲ, ರಸ್ತೆ ಬಗ್ಗೆ ಹೆದರುತ್ತಾರೆ. ಒಂದು ವಾರದಿಂದ ಎಡ ಮೊಣಕಾಲ ಚಿಪ್ಪಿನ ಹತ್ತಿರ ನೋವು ಶುರುವಾಗಿದೆ, ಮೆಟ್ಟಿಲು ಹತ್ತುವಾಗ ಜಾಸ್ತಿ. ಗೇರ್ ಸೈಕಲ್ ಇಲ್ಲದೆ ಅಷ್ಟು ದೂರ ಆಗಲ್ಲ ಅಂತ ಅಣ್ಣ ಹೇಳ್ತಾನೆ. ಓಣಿಯಲ್ಲಿ "ಯಾಕ್ರಿ ಅಕ್ಕೋರ, ಸ್ಕೂಟಿ ಕೆಟ್ಟೈತೇನು?" ಅಂತ ಕೇಳ್ತಾರೆ. ಸುಮ್ನೆ ಹೋಗ್ತೀನಿ ಅಂದ್ರೆ ಯಾರೂ ನಂಬಲ್ಲ. ಸುಮ್ನೆ ಅನ್ನೋದು ಒಂದು ಕಾರಣಾನಾ ಮೇಡಂ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು ಟೀಚರ್. ನಾನು ಬಳ್ಳಾರಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ದಿನಾ ನೋಡುವುದು ಮೊಣಕಾಲು, ಸೊಂಟ, ಹೆರಿಗೆ ನಂತರದ ನೋವುಗಳನ್ನೇ. ಒಂಬತ್ತು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಸೈಕಲ್‌ಗೆ ಒಂದು ಚೀಲ ಕಟ್ಟಿಕೊಂಡು ಎರಡು ಮೂರು ದಿನ ಊರು ಬಿಡುತ್ತೇನೆ. ಹಾಗಾಗಿ ನೀವು ಕೇಳಿದ್ದರಲ್ಲಿ ಅರ್ಧಕ್ಕೆ ಕ್ಲಿನಿಕ್‌ನ ಅನುಭವದಿಂದ, ಇನ್ನರ್ಧಕ್ಕೆ ರಸ್ತೆಯ ಅನುಭವದಿಂದ ಹೇಳುತ್ತೇನೆ.

ಮೊದಲು ಅತ್ತೆಯವರ ಮಾತು ತಗೊಳ್ಳೋಣ. ಮನೆಯಲ್ಲಿ ಆ ಮಾತು ನಿಂತುಬಿಟ್ಟರೆ ಉಳಿದದ್ದಕ್ಕೆಲ್ಲ ದಾರಿಯೇ ಇಲ್ಲ, ಅಲ್ವಾ.

ಸೈಕಲ್ ಹೊಡೆಯುವುದರಿಂದ ಗರ್ಭಕೋಶ ಜಾರುವುದಿಲ್ಲ. ಗರ್ಭಕೋಶ ಹೊಟ್ಟೆಯೊಳಗೆ ಸುಮ್ನೆ ನೇತಾಡುತ್ತಿರುವ ವಸ್ತು ಅಲ್ಲ. ಕೆಳಗಿನಿಂದ ಸ್ನಾಯುಗಳು ಒಂದು ಜೋಲಿಯ ಹಾಗೆ ಹಿಡಿದಿರುತ್ತವೆ, ಅಕ್ಕಪಕ್ಕದಿಂದ ಗಟ್ಟಿ ನಾರುಗಳು ಕಟ್ಟಿರುತ್ತವೆ. ಈ ಜೋಲಿ ಸಡಿಲವಾಗುವುದು ಹೆರಿಗೆಯಿಂದ. ಅದರಲ್ಲೂ ಕಷ್ಟದ ಹೆರಿಗೆ, ಮೇಲಿಂದ ಮೇಲೆ ಹೆರಿಗೆ, ಬಾಣಂತನದಲ್ಲಿ ಸಾಕಷ್ಟು ವಿಶ್ರಾಂತಿ ಇಲ್ಲದೆ ಭಾರ ಎತ್ತಿದ್ದು. ಆಮೇಲೆ ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಇಳಿದಾಗಲೂ ಸಡಿಲವಾಗುತ್ತದೆ. ಅತ್ತೆಯವರು ತಮ್ಮ ವಯಸ್ಸಿನ ಹೆಂಗಸರಲ್ಲಿ ಈ ತೊಂದರೆ ಕಣ್ಣಾರೆ ಕಂಡಿರುತ್ತಾರೆ. ಅವರು ಕಂಡಿದ್ದು ಸುಳ್ಳಲ್ಲ. ಆದರೆ ಆ ಹೆಂಗಸರು ಸೈಕಲ್ ಹೊಡೆದವರಲ್ಲ. ಹೆರಿಗೆಯಾದ ಕೆಲವೇ ವಾರಕ್ಕೆ ತುಂಬಿದ ಕೊಡ ಹೊತ್ತವರು, ಹೊಲದಲ್ಲಿ ಹೊರೆ ಎತ್ತಿದವರು. ಸೈಕಲ್ ಮೇಲೆ ಮೈಭಾರ ಸೀಟಿನ ಮೇಲೆ ಇರುತ್ತದೆ. ಓಡುವಾಗ, ಜಿಗಿಯುವಾಗ ಬೀಳುವ ಏಟು ಇಲ್ಲಿಲ್ಲ.

ಈ ಭಯ ನಮ್ಮೂರಿನದು ಮಾತ್ರ ಅಂದುಕೊಳ್ಳಬೇಡಿ. 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಹೆಂಗಸರು ಸೈಕಲ್ ಹತ್ತಿದಾಗ ಅಲ್ಲಿನ ಕೆಲವು ಡಾಕ್ಟರುಗಳೇ ಇದನ್ನೇ ಹೇಳಿದ್ದರು. ಗರ್ಭಕೋಶ ಜಾರುತ್ತದೆ, ಮುಖ ವಿಕಾರವಾಗುತ್ತದೆ ಅಂತ ಹೆದರಿಸಿದ್ದರು. 'ಸೈಕಲ್ ಮುಖ' ಅಂತ ಒಂದು ಕಾಯಿಲೆಗೆ ಹೆಸರೇ ಇಟ್ಟಿದ್ದರು. ಹೆಂಗಸರು ಹೊಡೆಯುತ್ತಾ ಹೋದರು, ಕಾಯಿಲೆ ಕಾಣಲಿಲ್ಲ. ಪಕ್ಕದ ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಶುರುವಿನಲ್ಲಿ ಅಕ್ಷರ ಕಲಿಸುವ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ನಮ್ಮಲ್ಲಿ 2006-07ರಿಂದ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಬಂತು. ನೀವೂ ಅದೇ ಸಾಲಿನವರು. ನಿಮ್ಮ ಜೊತೆ ಶಾಲೆಗೆ ಸೈಕಲ್‌ನಲ್ಲಿ ಬಂದ ಗೆಳತಿಯರೂ ಇವತ್ತು ತಾಯಂದಿರಾಗಿರುತ್ತಾರೆ. ಅತ್ತೆಯವರಿಗೆ ಈ ಲೆಕ್ಕ ಹೇಳಿ ನೋಡಿ.

ಆದರೆ ಒಂದು ಮಾತು ನಿಮಗೆ. ಕೆಳಹೊಟ್ಟೆಯಲ್ಲಿ ಏನೋ ಇಳಿದ ಹಾಗೆ ಭಾರ, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು, ಸಂಜೆ ಹೊತ್ತಿಗೆ ಸೊಂಟದ ಕೆಳಗೆ ಎಳೆತ, ಇವು ಇದ್ದರೆ ಮೊದಲು ಸ್ತ್ರೀರೋಗ ತಜ್ಞರನ್ನು ನೋಡಿ. ಎಷ್ಟೋ ಹೆಂಗಸರು ಇದನ್ನು ಹತ್ತು ವರ್ಷ ಮುಚ್ಚಿಟ್ಟು ಆಮೇಲೆ ನನ್ನ ಹತ್ತಿರ ಬರುತ್ತಾರೆ. ಶುರುವಿನಲ್ಲೇ ಬಂದರೆ ವ್ಯಾಯಾಮದಿಂದಲೇ ಬಹಳಷ್ಟು ಸರಿ ಮಾಡಬಹುದು. ನಿಮಗೆ ಇದ್ಯಾವುದೂ ಇಲ್ಲದಿದ್ದರೆ, ಐದು ವರ್ಷದ ಹಿಂದಿನ ಸಿಸೇರಿಯನ್ ಏನೂ ಅಡ್ಡಿಯಲ್ಲ.

ಈಗ ಮೊಣಕಾಲು. ಸೈಕಲ್ ಹೊಡೆದರೆ ಮೊಣಕಾಲು ಸವೆಯುತ್ತದೆ ಅನ್ನುವುದೂ ಜನರ ಮಾತೇ. ನಿಜ ಏನೆಂದರೆ, ಮೊಣಕಾಲು ಸವೆತ ಶುರುವಾದವರಿಗೆ ನಾವೇ ಸೈಕಲ್ ತುಳಿಸುತ್ತೇವೆ. ಹಾಗಾದರೆ ನಿಮಗೆ ಯಾಕೆ ನೋವು ಬಂತು? ನೀವು ಬರೆದಿಲ್ಲ, ಆದರೂ ನಾನು ಊಹಿಸಬಲ್ಲೆ. ನಿಮ್ಮ ಸೀಟು ತಗ್ಗಿದೆ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವ ಹಾಗೆ ಇಟ್ಟಿದ್ದೀರಿ. ಬಹಳ ದಿನದ ಮೇಲೆ ಸೈಕಲ್ ಹತ್ತುವ ಹತ್ತರಲ್ಲಿ ಎಂಟು ಜನ ಹೀಗೇ ಇಡುತ್ತಾರೆ, ಬೀಳುವ ಭಯಕ್ಕೆ. ಸೀಟು ತಗ್ಗಿದ್ದರೆ ಮೊಣಕಾಲು ಯಾವಾಗಲೂ ಜಾಸ್ತಿ ಮಡಚಿರುತ್ತದೆ. ಮಡಚಿದ ಕಾಲಿನಲ್ಲೇ ಜೋರು ಹಾಕಬೇಕು. ಆಗ ಚಿಪ್ಪು ಅದರ ಕೆಳಗಿನ ಎಲುಬಿಗೆ ಒತ್ತಿಕೊಳ್ಳುತ್ತದೆ. ನೋವು ಮುಂಭಾಗದಲ್ಲಿ, ಮೆಟ್ಟಿಲು ಹತ್ತುವಾಗ ಜಾಸ್ತಿ. ನೀವು ಬರೆದಿದ್ದು ಅಕ್ಷರಶಃ ಇದೇ.

ಸರಿ ಮಾಡುವುದು ಸುಲಭ. ಸೈಕಲ್ ಗೋಡೆ ಪಕ್ಕ ನಿಲ್ಲಿಸಿ, ಜೊತೆಯ ಟೀಚರ್ ಹ್ಯಾಂಡಲ್ ಹಿಡಿದಿರಲಿ. ದಿನಾ ಹಾಕುವ ಚಪ್ಪಲಿಯಲ್ಲೇ ಹತ್ತಿ ಕೂರಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಒಂದು ಕಡೆ ವಾಲದೆ ಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿ ಇದೆ. ಇನ್ನೂ ಮಡಚಿದ್ದರೆ ಏರಿಸಿ. ಆಮೇಲೆ ತುಳಿಯುವಾಗ ಹಿಮ್ಮಡಿ ಬದಲು ಪಾದದ ಮುಂಭಾಗ ಪೆಡಲ್ ಮೇಲಿರಲಿ. ಆಗ ಮೊಣಕಾಲು ತುಸುವೇ ಬಾಗಿರುತ್ತದೆ, ಬೇಕಾಗಿರುವುದು ಅಷ್ಟೇ. ಒಂದೇ ದಿನಕ್ಕೆ ಪೂರ್ತಿ ಏರಿಸಬೇಡಿ. ಎರಡು ದಿನಕ್ಕೊಮ್ಮೆ ಅರ್ಧ ಇಂಚು ಸಾಕು. ಸೀಟಿನ ಪೈಪ್ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎಳೆಯಬಾರದು. ಸಾಲದಿದ್ದರೆ ಸೈಕಲ್ ಶಾಪ್‌ನಲ್ಲಿ ಉದ್ದದ ಪೈಪ್ ಸಿಗುತ್ತದೆ.

"ಕಾಲು ನೆಲಕ್ಕೆ ಸಿಗಲ್ವಲ್ಲ ಮೇಡಂ" ಅನ್ನುತ್ತೀರಿ. ನಿಲ್ಲಿಸುವಾಗ ಸೀಟಿನ ಮೇಲೇ ಕೂತಿರಬಾರದು. ಬ್ರೇಕ್ ಹಿಡಿಯುತ್ತಾ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಕೆಳಗಿಡಬೇಕು. ಲೇಡೀಸ್ ಸೈಕಲ್‌ಗೆ ಅಡ್ಡ ಪೈಪ್ ಇಲ್ಲ, ನಿಮಗೆ ಇದು ಇನ್ನೂ ಸಲೀಸು. ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿದರೆ ಕಾಲಿಗೆ ತಾನಾಗೇ ಬರುತ್ತದೆ.

ಇನ್ನೊಂದು, ತುಳಿಯುವ ರೀತಿ. ಹದಿನೈದು ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಕೆಳಗೆ ಬರುತ್ತದೆ ಎಣಿಸಿ. ಹದಿನೈದಕ್ಕಿಂತ ಕಡಿಮೆ ಇದ್ದರೆ ನೀವು ಭಾರ ಒತ್ತುತ್ತಿದ್ದೀರಿ, ಮೊಣಕಾಲು ಬೈಯುತ್ತದೆ. ಹಗುರವಾಗಿ, ಸ್ವಲ್ಪ ಬೇಗ ಬೇಗ ತುಳಿಯಿರಿ. ದಿಬ್ಬ ಬಂದರೆ ಇಳಿದು ತಳ್ಳಿ. ನಾನು ಇವತ್ತಿಗೂ ತಳ್ಳುತ್ತೇನೆ. ಮೂರು ನಾಲ್ಕು ದಿನ ಬಿಡುವು ಕೊಟ್ಟು, ಸೀಟು ಏರಿಸಿ, ಮೂರು ಕಿಲೋಮೀಟರ್‌ನಿಂದ ಮತ್ತೆ ಶುರು ಮಾಡಿ. ಮೊಣಕಾಲು ಊದಿದ್ದರೆ, ಮಡಚಿದಾಗ ಸಿಕ್ಕಿಹಾಕಿಕೊಂಡ ಹಾಗಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅದು ಸೀಟಿನಿಂದ ಬಂದ ನೋವಲ್ಲ.

ಅಣ್ಣನ ಮಾತಿಗೆ ಬರೋಣ. ಗೇರ್ ಇದ್ದರೆ ದಿಬ್ಬಕ್ಕೆ, ಎದುರುಗಾಳಿಗೆ ಒಳ್ಳೆಯದು, ಇಲ್ಲ ಅನ್ನಲ್ಲ. ಆದರೆ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ತಪ್ಪು. ನಿಮ್ಮ ಮುಂದೆ ಮೂರು ದಾರಿ ಇವೆ. ಒಂದು, ಇರುವ ಸೈಕಲ್ಲನ್ನೇ ಚೆನ್ನಾಗಿ ಓವರಾಯ್ಲಿಂಗ್ ಮಾಡಿಸುವುದು. ರಿಪೇರಿ ಮಾಡಿಸಿದೆ ಅಂದಿದ್ದೀರಿ, ಆದರೆ ಚಕ್ರದ ನಡುವಿನ ಬಾಲ್ಸು (ಉಕ್ಕಿನ ಸಣ್ಣ ಗುಂಡು) ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಿದ್ದಾರಾ ಕೇಳಿ. ಟೈರು ಹದಿನೈದಿಪ್ಪತ್ತು ವರ್ಷದ ಹಳೆಯದಾದರೆ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಎರಡೂ ಬದಲಿಸಿ. ಬ್ರೇಕಿನ ರಬ್ಬರ್ ಕಟ್ಟೆ, ಬ್ರೇಕ್ ವೈರ್ ಹೊಸದಾಗಲಿ. ಜೊತೆಗೆ ಫ್ರೀವೀಲ್, ಅಂದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಬಿಲ್ಲೆ, ಸಾಮಾನ್ಯವಾಗಿ 18 ಹಲ್ಲಿನದು ಇರುತ್ತದೆ. 20 ಅಥವಾ 22 ಹಲ್ಲಿನದು ಹಾಕಿಸಿ, ಚೈನ್ ಸ್ವಲ್ಪ ಉದ್ದ ಮಾಡಿಸಬೇಕಾಗಬಹುದು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಕಾಲಿಗೆ ಎಷ್ಟು ಹಗುರ ಅಂದರೆ ನಿಮಗೇ ಆಶ್ಚರ್ಯವಾಗುತ್ತದೆ. ಎರಡನೇದು, ಯಾರದಾದರೂ ಕೈಬದಲಾದ ಗೇರ್ ಸೈಕಲ್ ತಗೊಳ್ಳುವುದು. ಅಗ್ಗಕ್ಕೆ ಸಿಗುತ್ತದೆ, ಆದರೆ ನಿಮ್ಮ ಎತ್ತರಕ್ಕೆ ಫ್ರೇಮ್ ಹೊಂದದಿದ್ದರೆ ಬೆನ್ನು, ಕತ್ತು ಹಿಡಿಯುತ್ತದೆ. ಮೂರನೇದು ಹೊಸದು. ಅದರಲ್ಲಿ ಒಂದು ಎಚ್ಚರಿಕೆ: ಮುಂದೆ ಹಿಂದೆ ಶಾಕ್ ಇರುವ, ನೋಡೋಕೆ ಭರ್ಜರಿ, ಕಡಿಮೆ ಬೆಲೆಯ ಗೇರ್ ಸೈಕಲ್ ಬೇಡ. ಭಾರ ಜಾಸ್ತಿ, ತುಳಿದ ಶಕ್ತಿಯಲ್ಲಿ ಒಂದಷ್ಟು ಶಾಕ್‌ನ ಸ್ಪ್ರಿಂಗ್‌ಗೇ ಹೋಗುತ್ತದೆ. ನನ್ನ ಸಲಹೆ ಮೊದಲನೇ ದಾರಿ. ಮೂರು ತಿಂಗಳು ಹೊಡೆಯಿರಿ. ಆಮೇಲೆ ನಿಮಗೆ ಏನು ಬೇಕು ಅಂತ ನಿಮ್ಮ ಮೈಯೇ ಹೇಳುತ್ತದೆ.

ಬೈಕ್‌ಪ್ಯಾಕಿಂಗ್ ಅಂತ ಈಗ ಒಂದು ಹೆಸರಿದೆ. ಸೈಕಲ್‌ನ ಫ್ರೇಮ್‌ಗೆ, ಸೀಟಿಗೆ, ಹ್ಯಾಂಡಲ್‌ಗೆ ಸಣ್ಣ ಸಣ್ಣ ಚೀಲ ಬಿಗಿದು ಊರೂರು ಸುತ್ತುವುದು. ಅದಕ್ಕೆಂದೇ ಮಾಡಿದ ಬ್ಯಾಗು ಸಿಗುತ್ತವೆ, ಬೆಲೆ ಕೇಳಿದರೆ ನಿಮ್ಮ ಸೈಕಲ್‌ಗಿಂತ ಜಾಸ್ತಿ. ಒಳ್ಳೆಯ ಬ್ಯಾಗುಗಳೇ, ನನ್ನ ಹತ್ತಿರವೂ ಒಂದಿದೆ. ಆದರೆ ಸೈಕಲ್ ಮೇಲೆ ಗಂಟು ಕಟ್ಟಿಕೊಂಡು ಹೋಗುವುದು ನಮಗೆ ಹೊಸದಲ್ಲವಲ್ಲ. ನಮ್ಮ ಕಡೆ ಸೀರೆ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ಮಾರಿದವರು, ಹಾಲಿನ ಕ್ಯಾನ್ ಕಟ್ಟಿದವರು ಎಲ್ಲ ಸೈಕಲ್ ಮೇಲೇ ಅಲ್ಲವಾ ಓಡಾಡಿದ್ದು. 1923ರಲ್ಲಿ ಮುಂಬೈಯಿಂದ ಹೊರಟ ಪಾರ್ಸಿ ಯುವಕರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗಾರಾ ಈ ಮೂವರು ಸೈಕಲ್ ಮೇಲೆ ಪ್ರಪಂಚ ಸುತ್ತಿ 1928ರಲ್ಲಿ ವಾಪಸ್ ಬಂದರು. ಇವತ್ತಿನ ಅಂಗಡಿಯ ಯಾವ ಬ್ಯಾಗೂ ಅವರ ಹತ್ತಿರ ಇರಲಿಲ್ಲ.

ನಿಮಗೆ ಬೇಕಾಗಿರುವುದು ಒಂದು ರಾತ್ರಿಯ ಸಾಮಾನು. ಐದಾರು ಕಿಲೋ ಮೀರದಿರಲಿ. ನಾನು ಮೊದಲ ಎರಡು ವರ್ಷ ಬಳಸಿದ್ದು ಗಂಗಾವತಿ ಅಕ್ಕಿಯ 25 ಕಿಲೋ ಚೀಲ. ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಅದರೊಳಗೆ ಹಾಕಿ, ಬಾಯಿ ಮಡಚಿ, ಹಳೇ ಟ್ಯೂಬ್ ಸೀಳಿದ ಪಟ್ಟಿಯಿಂದ ಕ್ಯಾರಿಯರ್‌ಗೆ ಬಿಗಿಯುತ್ತಿದ್ದೆ. ಹಗ್ಗಕ್ಕಿಂತ ಟ್ಯೂಬ್ ಪಟ್ಟಿ ಒಳ್ಳೆಯದು, ಕುಲುಕಿದರೆ ಸಡಿಲವಾಗಲ್ಲ. ಸೈಕಲ್ ಶಾಪ್‌ನಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ತುದಿ ಮಾತ್ರ ಗಟ್ಟಿಯಾಗಿ ಸಿಕ್ಕಿಸಿ, ನೇತಾಡಿದರೆ ಚಕ್ರದ ಕಡ್ಡಿಯೊಳಗೆ ಹೋಗುತ್ತದೆ. ವೇಲ್ ಕೂಡ ಹಾಗೇ, ಹಿಂದೆ ಬಿಡದೆ ಸೊಂಟಕ್ಕೆ ಸುತ್ತಿ ಪಿನ್ ಹಾಕಿ. ಲೇಡೀಸ್ ಫ್ರೇಮ್‌ಗೆ ಹಿಂದೆ ಭಾರ ಜಾಸ್ತಿಯಾದರೆ ಹ್ಯಾಂಡಲ್ ತೂರಾಡುತ್ತದೆ. ಹೊರಡುವ ಮುಂಚೆ ಅದೇ ಭಾರ ಕಟ್ಟಿ ಒಂದು ಸಲ ಓಣಿ ಸುತ್ತಿ ಬನ್ನಿ.

ಊಟಕ್ಕೆ ನಮ್ಮ ಕಡೆಯವರು ಪುಣ್ಯವಂತರು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ದಾರಿ ಬುತ್ತಿ ನಾನು ಕಂಡಿಲ್ಲ. ಕೆಡುವುದಿಲ್ಲ, ಭಾರವಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ. ನಡುನಡುವೆ ಬಾಳೆಹಣ್ಣು. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ಕಂಡರೆ ಮಂಡಕ್ಕಿ ತಿನ್ನಿ, ಮಿರ್ಚಿಯನ್ನು ಊರು ಮುಟ್ಟಿದ ಮೇಲೆ ಇಟ್ಟುಕೊಳ್ಳಿ. ಎಣ್ಣೆ ತಿಂದು ತುಳಿದರೆ ಹೊಟ್ಟೆ ಉರಿಯುತ್ತದೆ.

ನೀರಿನ ಬಗ್ಗೆ ಮಾತ್ರ ನಾನು ಸ್ವಲ್ಪ ಜೋರಾಗೇ ಹೇಳುತ್ತೇನೆ. ನಾವು ಹೆಂಗಸರು ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ನೀರೇ ಕುಡಿಯಲ್ಲ. ಶಾಲೆಯಲ್ಲೂ ಹಾಗೇ ಮಾಡುತ್ತೀರಿ, ನನಗೆ ಗೊತ್ತು. ಎಷ್ಟೋ ಟೀಚರ್‌ಗಳು ಉರಿಮೂತ್ರ ಅಂತ ಒದ್ದಾಡುವುದನ್ನು ನೋಡಿದ್ದೇನೆ. ಸೈಕಲ್ ಮೇಲೆ ಬೆವರು ಜಾಸ್ತಿ. ಗಂಟೆಗೆ ಅರ್ಧ ಲೀಟರ್ ಆದರೂ ಕುಡಿಯಲೇಬೇಕು. ದಾರಿಯ ಪೆಟ್ರೋಲ್ ಬಂಕ್, ಹುಲಿಗಿಯ ದೇವಸ್ಥಾನದ ಶೌಚಾಲಯ, ಇವನ್ನು ಮೊದಲೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ದಾರಿಯಲ್ಲಿ ಅಂಗನವಾಡಿ, ಶಾಲೆ ಕಂಡರೂ ಕೇಳಿ. ನೀವು ಟೀಚರ್, ಇಲ್ಲ ಅನ್ನುವವರು ಕಡಿಮೆ. ಎರಡು ಒಆರ್‌ಎಸ್ ಪ್ಯಾಕೆಟ್ ಚೀಲದಲ್ಲಿರಲಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ, ಬಿಸಿಲಲ್ಲೂ ಬೆವರು ನಿಂತು ಮೈ ಕಾದರೆ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಹೋಗಿ, ಬಟ್ಟೆ ಒದ್ದೆ ಮಾಡಿಕೊಂಡು, ಯಾರಿಗಾದರೂ ಫೋನ್ ಮಾಡಿ. ಇನ್ನು ಐದೇ ಕಿಲೋಮೀಟರ್ ಇದೆ ಅಂತ ತುಳಿಯಬೇಡಿ.

ಹಾಗಾಗಿ ಕಾಲ ನೋಡಿ ಹೊರಡಬೇಕು. ಏಪ್ರಿಲ್, ಮೇನಲ್ಲಿ ನಮ್ಮ ಬಳ್ಳಾರಿ, ಕೊಪ್ಪಳದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಮಾತೇ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ತಂಪಿರುತ್ತದೆ, ಆದರೆ ಪಡುವಣ ಗಾಳಿ ಜೋರು. ಕೊಪ್ಪಳದಿಂದ ಆನೆಗೊಂದಿ ಮೂಡಣಕ್ಕಿದೆ. ಹೋಗುವಾಗ ಗಾಳಿ ಬೆನ್ನಿಗೆ ತಳ್ಳುತ್ತದೆ, ಹಾರಿಕೊಂಡು ಹೋದ ಹಾಗಿರುತ್ತದೆ. ಮಾರನೇ ದಿನ ದಣಿದ ಕಾಲಿನಲ್ಲಿ ಅದೇ ಗಾಳಿಗೆ ಎದೆ ಕೊಟ್ಟು ಬರಬೇಕು. ಮೊದಲ ಸಲ ಹೋಗುವವರು ಇದರಲ್ಲೇ ಸೋಲುತ್ತಾರೆ. ನವೆಂಬರ್‌ನಿಂದ ಜನವರಿ ನಿಮಗೆ ಸರಿಯಾದ ಕಾಲ.

ಅಷ್ಟರೊಳಗೆ ಮೈಗೆ ಅಭ್ಯಾಸ ಆಗಬೇಕು. ಭಾನುವಾರಕ್ಕೊಮ್ಮೆ ನಾಲ್ಕೈದು ಕಿಲೋಮೀಟರ್ ಏರಿಸುತ್ತಾ ಹೋಗಿ. ಮೊದಲು ಕಿನ್ನಾಳಕ್ಕೆ ಹೋಗಿ ಬನ್ನಿ, ಒಂದು ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಗೊಂಬೆ ಮಾಡುವವರ ಮನೆ ಮುಂದೆ ಕೂತು ಬಣ್ಣ ಹಚ್ಚುವುದು ನೋಡಿ. ಇನ್ನೂ ಧೈರ್ಯ ಬಂದ ಮೇಲೆ ಇಟಗಿಗೆ. 1112ರಲ್ಲಿ ಕಟ್ಟಿಸಿದ ಮಹಾದೇವ ದೇವಸ್ಥಾನ ಅಲ್ಲಿದೆ. ಬಸ್ಸಲ್ಲಿ, ಕಾರಲ್ಲಿ ಹೋಗಿ ನೋಡಿರುತ್ತೀರಿ, ಮಕ್ಕಳನ್ನೂ ಕರೆದುಕೊಂಡು ಹೋಗಿರುತ್ತೀರಿ. ಸೈಕಲ್‌ನಲ್ಲಿ ಹೋಗಿ ಆ ಕಂಬಗಳ ನೆರಳಿನ ತಣ್ಣನೆಯ ಕಲ್ಲಿನ ಮೇಲೆ ಕೂತು ನೀರು ಕುಡಿದು ನೋಡಿ. ಎರಡು ಭಾನುವಾರ 30 ಕಿಲೋಮೀಟರ್ ಸಲೀಸಾಗಿ ಆದರೆ 50 ಆಗುತ್ತದೆ. ಶನಿವಾರ 20, ಭಾನುವಾರ ಮತ್ತೆ 20 ಹೊಡೆದೂ ನೋಡಬೇಕು. ಎರಡನೇ ದಿನ ಸೀಟಿನ ಮೇಲೆ ಕೂರುವುದೇ ಒಂದು ಬೇರೆ ಪಾಠ. ಅದಕ್ಕೆ ಮೆತ್ತನೆಯ ಜೆಲ್ ಸೀಟ್ ಕವರ್ ಹಾಕಬೇಡಿ. ಸ್ವಲ್ಪ ದೂರಕ್ಕೆ ಹಿತ, ಬಹಳ ದೂರಕ್ಕೆ ಉಜ್ಜಿ ಗಾಯ ಮಾಡುತ್ತದೆ. ತೊಡೆಸಂದಿನಲ್ಲಿ ದಪ್ಪ ಹೊಲಿಗೆ ಇಲ್ಲದ ಹತ್ತಿಯ ಒಳಉಡುಪು ಹಾಕಿ, ಊರು ಮುಟ್ಟಿದ ತಕ್ಷಣ ಬದಲಿಸಿ.

ಈಗ ರಸ್ತೆ. ನಿಮ್ಮ ಮನೆಯವರ ಭಯ ಸುಮ್ನೆ ಬಂದದ್ದಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕೊಪ್ಪಳದಿಂದ ಗಿಣಿಗೇರಾ ದಾಟಿ ಹುಲಿಗಿ ಕಡೆ ತಿರುಗುವವರೆಗೆ ಹೆದ್ದಾರಿ. ಕಾರ್ಖಾನೆಗಳ ಲಾರಿ ಹಗಲು ರಾತ್ರಿ ಓಡುತ್ತವೆ. ಹೆದ್ದಾರಿಯಲ್ಲೇ ಹೋಗುವುದಾದರೆ ಬಿಳಿ ಗೆರೆಯ ಎಡಗಡೆ, ಒಬ್ಬರ ಹಿಂದೆ ಒಬ್ಬರು, ಮಾತಾಡದೆ. ಬೆಳಕು ಹರಿದ ಮೇಲೆ ಹೊರಡಿ, ಕತ್ತಲಲ್ಲಿ ಬೇಡವೇ ಬೇಡ. ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಜಾಕೆಟ್, ತಲೆಗೆ ಹೆಲ್ಮೆಟ್. ಇದರ ಬದಲು ಇನ್ನೊಂದು ದಾರಿ ಇದೆ, ಮೊದಲ ಸಲಕ್ಕೆ ನಾನು ಅದನ್ನೇ ಹೇಳುವುದು. ಎರಡೂ ಸೈಕಲ್ ಒಂದು ಟಾಟಾ ಏಸ್‌ನಲ್ಲಿ ಹಾಕಿ ಹುಲಿಗಿಯವರೆಗೆ ಹೋಗಿ. ಹುಲಿಗೆಮ್ಮನಿಗೆ ಕೈಮುಗಿದು ಅಲ್ಲಿಂದ ತುಳಿಯಿರಿ. ಶಿವಪುರ, ಬಂಡಿ ಹರ್ಲಾಪುರ, ಸಾಣಾಪುರ ದಾಟಿ ಆನೆಗೊಂದಿ. ಪೂರ್ತಿ ದಾರಿ ಹೆಚ್ಚುಕಮ್ಮಿ 50 ಕಿಲೋಮೀಟರ್, ಹುಲಿಗಿಯಿಂದ ಅದರ ಅರ್ಧ. ನಿಜವಾದ ಚೆಂದ ಇರುವುದೂ ಈ ಅರ್ಧದಲ್ಲೇ. ಒಂದು ಕಡೆ ಭತ್ತ, ಬಾಳೆ, ಇನ್ನೊಂದು ಕಡೆ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗಳು, ಪಕ್ಕದಲ್ಲೇ ಕಾಲುವೆ. ಅರ್ಧ ಗಾಡಿಯಲ್ಲಿ ಹೋದರೆ ಸವಾರಿ ಅರ್ಧ ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ಪ್ರವಾಸಿಗರ ಮೇಲೆ ನಡೆದ ದಾಳಿ ನಮಗೆಲ್ಲ ಗೊತ್ತು. ಅದನ್ನು ಮರೆತು ಸಲಹೆ ಕೊಡಲು ನನಗೆ ಬಾಯಿ ಬರುವುದಿಲ್ಲ. ಕೆಡುಕು ಮಾಡಿದವರದೇ ತಪ್ಪು, ಹೋದವರದಲ್ಲ. ಆದರೂ ಮೊದಲ ಸಲ ಟೆಂಟ್, ಕೆರೆ ದಂಡೆ, ಬಯಲಲ್ಲಿ ಮಲಗುವುದು ಬೇಡ. ಸೋದರತ್ತೆ ಮನೆ ಇದೆ, ಅದಕ್ಕಿಂತ ಒಳ್ಳೆಯ ಜಾಗ ಯಾವುದು. ಮಧ್ಯಾಹ್ನದೊಳಗೆ ಮುಟ್ಟಿಬಿಡಿ. ಆ ಗುಡ್ಡಗಳಲ್ಲಿ ಚಿರತೆ ಓಡಾಟವೂ ಇದೆ, ಮುಂಜಾವು ಮತ್ತು ಮುಸ್ಸಂಜೆ ಅವುಗಳ ಹೊತ್ತು. ಕಾಲುವೆಗೆ, ಕೆರೆಗೆ ಇಳಿಯಬೇಡಿ. ಫೋನ್‌ನಲ್ಲಿ ಲೈವ್ ಲೊಕೇಶನ್ ಮನೆಯವರಿಗೆ ಹಾಕಿಡಿ, 112 ನೆನಪಿರಲಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯದೆ ಇಳಿದುಬಿಡಿ. ಸೈಕಲ್ ನಡುವೆ ಇಟ್ಟುಕೊಂಡು ನಡೆಯಿರಿ. ಓಡುವುದು ಕಂಡರೇ ಅವು ಅಟ್ಟುವುದು.

ಪಂಚರ್ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಆಗೇ ಆಗುತ್ತದೆ. ನಮ್ಮ ಜಿಲ್ಲೆಯ ಹೆಸರೇ ಹೊತ್ತ ಬಳ್ಳಾರಿ ಜಾಲಿ ರಸ್ತೆ ಅಂಚಿನಲ್ಲೆಲ್ಲ ಇದೆ. ನೆಲದಲ್ಲಿ ನೆಗ್ಗಿಲು ಮುಳ್ಳು. ನಾನು ಮೊದಲ ಸಲ ಕುರುಗೋಡು ದಾಟಿ ಕಂಪ್ಲಿ ಕಡೆ ಹೋಗುವಾಗ ಎಮ್ಮಿಗನೂರು ಹತ್ತಿರ ಹಿಂದಿನ ಟೈರು ಕೂತುಬಿಟ್ಟಿತು. ಪ್ಯಾಚ್ ಹಾಕಿದೆ. ಒಂದು ಕಿಲೋಮೀಟರ್‌ಗೆ ಮತ್ತೆ ಕೂತಿತು. ಮತ್ತೆ ಬಿಚ್ಚಿದೆ, ಹಳೇ ಪ್ಯಾಚ್ ಪಕ್ಕದಲ್ಲೇ ಹೊಸ ತೂತು. ಅಳು ಬರುವ ಹಾಗಾಗಿತ್ತು. ಕುರಿ ಕಾಯುತ್ತಿದ್ದ ಒಬ್ಬ ಹಿರಿಯರು ಬಂದು ಕೂತರು. "ಟ್ಯೂಬ್ ನೋಡಬ್ಯಾಡವಾ, ಟೈರ್ ನೋಡು" ಅಂದು, ಹೆಗಲ ಮೇಲಿನ ಟವೆಲ್ ತುದಿಯನ್ನು ಟೈರಿನ ಒಳಗೆ ಮೆಲ್ಲಗೆ ಸುತ್ತಲೂ ಎಳೆದರು. ಒಂದು ಕಡೆ ನೂಲು ಸಿಕ್ಕಿಕೊಂಡಿತು. ಅಲ್ಲಿ ಮುಳ್ಳಿನ ತುದಿ ಮುರಿದು ರಬ್ಬರಿನೊಳಗೇ ಕೂತಿತ್ತು, ಸಾಸಿವೆ ಕಾಳಿನಷ್ಟು ಕಪ್ಪು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಪಿನ್ನಿನಿಂದ ಒತ್ತಿ ತೆಗೆದರು. ಅಲ್ಲಿಂದ ಕಂಪ್ಲಿವರೆಗೆ ಏನೂ ಆಗಲಿಲ್ಲ. ಅವತ್ತಿನಿಂದ ನಾನು ಪ್ಯಾಚ್ ಹಾಕುವ ಮುಂಚೆ ಟೈರಿನೊಳಗೆ ಬಟ್ಟೆ ಎಳೆಯದೆ ಬಿಟ್ಟಿಲ್ಲ.

ನಿಮ್ಮ ಸೈಕಲ್‌ನ ಚಕ್ರ ಬಿಚ್ಚಬೇಕಾಗಿಯೂ ಇಲ್ಲ. ಟೈರಿನ ಒಂದು ಅಂಚು ಮಾತ್ರ ಎತ್ತಿ, ಟ್ಯೂಬ್ ಹೊರಗೆಳೆದು, ಗಾಳಿ ಹಾಕಿ ಕೆನ್ನೆಗೆ ಹಿಡಿದರೆ ಎಲ್ಲಿ ಸೋರುತ್ತಿದೆ ಗೊತ್ತಾಗುತ್ತದೆ. ಅಲ್ಲಿ ಉಜ್ಜಿ, ಸೊಲ್ಯೂಷನ್ (ಪಂಚರ್ ಅಂಟು) ಹಚ್ಚಿ, ಐದು ನಿಮಿಷ ಒಣಗಲು ಬಿಟ್ಟು, ಆಮೇಲೆ ಪ್ಯಾಚ್ ಒತ್ತಿ. ಆತುರಕ್ಕೆ ಹಸಿಯಿರುವಾಗಲೇ ಒತ್ತಿದರೆ ಅಂಟುವುದಿಲ್ಲ. ಇಬ್ಬರೂ ಮನೆ ಅಂಗಳದಲ್ಲಿ ಒಂದು ಸಲ ಮಾಡಿ ನೋಡಿ. ಸಣ್ಣ ಪಂಪು, ಪ್ಯಾಚ್, ಸೊಲ್ಯೂಷನ್, ಟೈರ್ ಎತ್ತುವ ಎರಡು ಲಿವರ್, ಪಾನಾ, ಗಾಳಿ ಹಾಕುವ ವಾಲ್ವಿನೊಳಗಿನ ರಬ್ಬರ್ ವಾಲ್ ಟ್ಯೂಬ್‌ನ ಒಂದು ತುಂಡು, ಇಷ್ಟು ಒಂದು ಊಟದ ಡಬ್ಬಿಯೊಳಗೆ ಹಿಡಿಸುತ್ತದೆ.

ಕೊನೆಗೆ ನೀವು ಕೇಳಿದ್ದು. ಸುಮ್ನೆ ಅನ್ನೋದು ಒಂದು ಕಾರಣಾನಾ ಅಂತ. ಹೌದು ಟೀಚರ್, ಪೂರ್ತಿ ಕಾರಣ. ಹೆಂಗಸರು ಮನೆಯಿಂದ ಹೊರಗೆ ಕಾಲಿಟ್ಟರೆ ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ. ಸಂತೆಗೆ, ಆಸ್ಪತ್ರೆಗೆ, ಜಾತ್ರೆಗೆ, ಮಕ್ಕಳ ಶಾಲೆಗೆ ಅಂದರೆ ಸರಿ. ಸುಮ್ನೆ ಅಂದರೆ ಉತ್ತರ ಮುಗಿಯಲಿಲ್ಲ ಅನ್ನುವ ಹಾಗೆ ಇನ್ನೂ ಕಾಯುತ್ತಾರೆ. ನಾನೂ ಮೊದಲೆಲ್ಲ "ಆರೋಗ್ಯಕ್ಕೆ" ಅಂತ ಹೇಳುತ್ತಿದ್ದೆ. ಅದು ಸುಳ್ಳಲ್ಲ, ಆದರೆ ನಾನು ಹೋಗುತ್ತಿದ್ದುದು ಅದಕ್ಕಲ್ಲ. ಬೆಳಿಗ್ಗೆ ಆರೂವರೆಗೆ ಗದ್ದೆ ಮೇಲಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದಲ್ಲ, ಅದಕ್ಕೆ. ಚೈನ್‌ನ ಕಿರಿಕಿರಿ ಸದ್ದು ಬಿಟ್ಟರೆ ಬೇರೇನೂ ಕೇಳಿಸದ ಐದು ನಿಮಿಷಕ್ಕೆ. ಯಾರದೋ ಮನೆ ಕಟ್ಟೆ ಮೇಲೆ ಕೂತು ನೀರು ಕೇಳಿದರೆ ಚಹಾನೇ ಕೊಡುತ್ತಾರಲ್ಲ, ಅದಕ್ಕೆ. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಆ ಕಟ್ಟೆ ಇರುವುದೇ ಗೊತ್ತಿಲ್ಲ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಫೋನ್‌ನಲ್ಲಿ ಲೆಕ್ಕ ಇಡುವವರಿದ್ದಾರೆ. ನೀವು ಮೊದಲ ಸವಾರಿಯಲ್ಲಿ ಅದನ್ನು ನೋಡಬೇಡಿ. ಓಣಿಯವರು ಸ್ಕೂಟಿ ಕೆಟ್ಟಿದೆಯಾ ಅಂತ ಕೇಳಿದರೆ, "ಇಲ್ಲ, ಸ್ಕೂಟಿ ಚಲೋ ಐತಿ, ಸುಮ್ನ ಹೊಂಟೀನಿ" ಅಂತ ನಕ್ಕು ಹೋಗಿ. ಹತ್ತು ಸಲ ಕೇಳಿದ ಮೇಲೆ ಅವರೇ ಕೇಳುವುದು ಬಿಡುತ್ತಾರೆ. ನನ್ನ ಓಣಿಯಲ್ಲಿ ಹಾಗೇ ಆಯಿತು. ಈಗ ಪಕ್ಕದ ಮನೆಯ ಅಜ್ಜಿ ನನ್ನ ಟೈರ್ ಗಾಳಿ ಕಡಿಮೆಯಾಗಿದ್ದರೆ ತಾವೇ ಹೇಳುತ್ತಾರೆ.

ಸೋದರತ್ತೆಯವರಿಗೆ ಮೊದಲೇ ಫೋನ್ ಮಾಡಿ, ಸೈಕಲ್ ಒಳಗೆ ನಿಲ್ಲಿಸಲು ಜಾಗ ಮಾಡಿಸಿಡಿ. ಮುಟ್ಟಿದ ದಿನ ಅಂಜನಾದ್ರಿ ಬೆಟ್ಟ ಹತ್ತಬೇಕು ಅನ್ನಿಸುತ್ತದೆ. ಐನೂರಕ್ಕೂ ಮೇಲೆ ಮೆಟ್ಟಿಲಿವೆ, ನಿಮ್ಮ ಮೊಣಕಾಲಿಗೆ ಈ ಸಲ ಬೇಡ. ನದಿ ದಂಡೆಯ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿ. ತುಂಗಭದ್ರೆಯ ಈ ಭಾಗದಲ್ಲಿ ನೀರುನಾಯಿಗಳಿವೆ, ಅವುಗಳಿಗಾಗಿಯೇ ನದಿಯ ಒಂದಷ್ಟು ಉದ್ದವನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅದೃಷ್ಟ ಇದ್ದರೆ ಒಂದು ತಲೆ ನೀರಿನ ಮೇಲೆ ಕಾಣಬಹುದು. ಮಾರನೇ ದಿನ ಬೆಳಿಗ್ಗೆ ಹೊರಡುವ ಮುಂಚೆ ನಾಲ್ಕೂ ಟೈರ್ ಬೆರಳಿನಿಂದ ಒತ್ತಿ ನೋಡಿ. ಯಾವುದಾದರೂ ರಾತ್ರಿಯಲ್ಲಿ ಮೆತ್ತಗಾಗಿದ್ದರೆ ಎಲ್ಲೋ ಒಂದು ಮುಳ್ಳು ಕೂತಿದೆ. ಅಲ್ಲೇ ಅಂಗಳದಲ್ಲಿ, ನೆರಳಲ್ಲಿ, ಚಹಾ ಕುಡಿಯುತ್ತಾ ತೆಗೆದುಬಿಡಿ.